ಕಣಕದ ಉಂಡಿ

"ಪಖವಾಜ ಬಾರಿಸಿದವರು, ನಮ್ಮ ಗದಿಗೆಪ್ಪ!" ಸನ್ಮಾನದ ಕಚೇರಿಗೆ ಮುಂಚೆ ಚಾಳಿನ ಹಿರಿಯ ಧರ್ಮಣ್ಣ ಹೊಸ ರೆಕಾರ್ಡಿನ ಕವರು ಎತ್ತಿ ಹಿಡಿದು ಓದಿದಾಗ ಮುಂಬಯಿ ಕಾಂದಿವಲಿಯ ಆ ಚಾಳಿನ ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಹೆಸರುವಾಸಿ ಹಾಡುಗಾರ್ತಿ ನೀಲಾಬಾಯಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಆ ರೆಕಾರ್ಡಿನಲ್ಲಿ ಹಾಡುತ್ತಲೇ ಮೃದಂಗದಂಥ ಆ ಪಖವಾಜವನ್ನೂ ಬಾರಿಸಿದವಳು ಆಕೆ. ಹೆಂಗಸು ಬಾರಿಸಿದ್ದೆಂದರೆ ಯಾರೂ ನಂಬುವುದಿಲ್ಲವೆಂದು ಕಂಪನಿಯವರು ಆಕೆಯ ಮೈದುನ ಗದಿಗೆಪ್ಪನ ಹೆಸರು ಹಾಕಿದ್ದರು. ಮೈದುನನೂ ಬೇಡವೆನ್ನಲಿಲ್ಲ.

"ವೈನಿ, ನೀವು ಬರೇ ಹಾಡ್ರಿ. ಇದನ್ನ ನಾ ಸಂಭಾಳಸ್ತೀನಿ," ಎಂದು ಅತ್ತಿಗೆಗೆ ಹೇಳಿ ಗದಿಗೆಪ್ಪ ಕೊರಳ ಹಾರ ಸರಿಮಾಡಿಕೊಂಡು ಪಖವಾಜದ ಮುಂದೆ ಕೂತ.

ನೀಲಾಬಾಯಿ ಬಗ್ಗಿ, ವಾದ್ಯದ ಎಡ ಮುಖಕ್ಕೆ ತಾನೇ ನಾದಿ ಹಚ್ಚಿದ್ದ ಗೋದಿ ಕಣಕವನ್ನು ಕಿತ್ತು, ಉಂಡಿ ಕಟ್ಟಿ ಅವನ ಅಂಗೈಯಲ್ಲಿಟ್ಟಳು. ಅದಿಲ್ಲದೆ ಪಖವಾಜಕ್ಕೆ ಗುಡುಗಿನ ದನಿ ಬಾರದು. ಹದ ನೋಡಿ ಹಚ್ಚುವುದು ಇಷ್ಟು ವರ್ಷ ಆಕೆಯ ಕೆಲಸವೇ ಆಗಿತ್ತು.

"ಹಚ್ಚಪಾ. ಬಾರಸಾಂವಗ ಎಷ್ಟು ಹಚ್ಚಬೇಕು ಅನ್ನೂದು ಗೊತ್ತಿರಬೇಕಲ್ಲ?"

ಗದಿಗೆಪ್ಪ ಉಂಡಿ ಹಿಡಿದು ಕೂತೇ ಇದ್ದ. "ವೈನಿ, ಮಂದಿ ನೋಡಾಕತ್ತಾರ..."

"ನೋಡಲಿ."

ಆಕೆ ಕಣಕ ಕಸಿದುಕೊಂಡು ಪಟಪಟನೆ ಮೆತ್ತಿದಳು. ಪಖವಾಜ ತೊಡೆಗೆಳೆದುಕೊಂಡು ಒಂದೇ ಏಟು ಹಾಕಿದಳು. ಅಂಗಳದ ತುಂಬ ಗುಡುಗು ಮೊಳಗಿತು.

"ಧರ್ಮಣ್ಣಾರ, ಈಗ ಓದ್ರಿ, ಯಾರು ಬಾರಸ್ಯಾರಂತ."