ಕಿಟಕಿಯಲ್ಲೇ ನಿಂತ ಸೂರ್ಯ

ಮಂಗಳೂರಿನಿಂದ ದುಬೈಗೆ ಮೂರೂವರೆ ಗಂಟೆ. ರಂಜಾನ್ ಉಪವಾಸದಲ್ಲಿದ್ದ ನಾನು ಕೈಯಲ್ಲಿ ಖರ್ಜೂರ ಹಿಡಿದು ಕೂತಿದ್ದೆ. ಊರಲ್ಲಿ ಉಮ್ಮ ಉಪವಾಸ ಬಿಟ್ಟು ಅರ್ಧ ಗಂಟೆಯೇ ಆಗಿರಬೇಕು. ಇಲ್ಲಿ ವಿಮಾನವೂ ಪಶ್ಚಿಮಕ್ಕೇ ಓಡುತ್ತಿದ್ದರೆ ಈ ಸೂರ್ಯ ಮುಳುಗುವುದಾದರೂ ಯಾವಾಗ?

ಕಿಟಕಿ ಪಕ್ಕದ ಹೆಂಗಸು ಐದನೇ ಸಲ ಕೇಳಿದರು, "ಇನ್ನೆಷ್ಟು ಹೊತ್ತು ಮಾರಾಯ್ರೆ?"

ನನಗೆ ರೇಗಿತು. "ನಿಮಗೇನು ಅವಸರ? ಮುಂದೆ ಊಟ ಇದೆ, ತಿನ್ನಿ. ಬೆಳಗಿನಿಂದ ಹನಿ ನೀರು ಕುಡಿಯದೆ ಕೂತವನು ನಾನು. ಸೂರ್ಯ ಮುಳುಗದೆ ಬಾಯಿಗೆ ಏನೂ ಹಾಕುವಂತಿಲ್ಲ."

ಅವರು ತಮ್ಮ ಊಟದ ಡಬ್ಬಿಯನ್ನು ತೆರೆಯದೆಯೇ ನನ್ನತ್ತ ತಳ್ಳಿದರು.

"ಆಮೇಲೆ ಇದನ್ನೂ ನೀವೇ ತಿನ್ನಿ. ಇವತ್ತು ಸಂಕಷ್ಟಿ ಉಪವಾಸ. ನಿಮ್ಮ ಸೂರ್ಯ ಮುಳುಗಿದ ಮೇಲೆ ನನಗೆ ಚಂದ್ರ ಬೇರೆ ಹುಟ್ಟಬೇಕು."