ಅಂಥವರನ್ನೂ ಆಡಿಸಬೇಕಂತೆ

“ಅವನನ್ನ ತಗೊಂಡ್ರೆ ಆಟಕ್ಕೆ ಮುಂಚೇನೇ ಸೋತ ಹಾಗೆ,” ಎಂದರು ಗಣಿತದ ಮೇಷ್ಟ್ರು. ಅವರು ಎಸೆದ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಹಾರಿತು. ತಪ್ಪು ಚೆಂಡಿನದೇ ಎಂಬಂತೆ ಅದನ್ನು ದುರುಗುಟ್ಟಿ ನೋಡಿದರು.

ಎಲ್ಲರೂ ಬೇಡವೆನ್ನುತ್ತಿದ್ದುದು ತಂಡದ ನಾಯಕಿಯ ಸ್ವಂತ ತಮ್ಮನನ್ನು.

ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಒಬ್ಬರು ಕಡಿಮೆ ಬಿದ್ದಿದ್ದರು. ಬೀಗದ ಅಂಗಡಿಯವನು ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಭಾನುವಾರ ಪಕ್ಕದೂರಿನವರ ಮೇಲೆ ಫೈನಲ್. ಐವರು ಕಣಕ್ಕಿಳಿಯದಿದ್ದರೆ ಕಪ್ ಹೋಯಿತು. ಕಪ್ ಗೆಲ್ಲದವರಿಗೆ ಸಂಜೆ ಹೊತ್ತು ಹಾಲ್ ಯಾಕೆ ಎಂದು ಬ್ಯಾಡ್ಮಿಂಟನ್‌ನವರು ಆಗಲೇ ಗೊಣಗಲು ಶುರುಮಾಡಿದ್ದರು. ಆ ಹೊತ್ತಿಗೆ ಸಂಘಟಕರಿಗೆ ಜ್ಞಾನೋದಯವಾಗಿ ಹೊಸ ನಿಯಮವೊಂದು ಹೊರಬಿದ್ದಿತ್ತು: ಆಟ ಎಲ್ಲರದೂ ಆಗಬೇಕು, ಹಾಗಾಗಿ ಪ್ರತಿ ತಂಡವೂ ‘ಅಂಥವರಲ್ಲಿ’ ಒಬ್ಬರನ್ನು ಆಡಿಸಬಹುದು.

“ಕನಿಕರ ತೋರಿಸೋಕೆ ನಾವೇನು ಧರ್ಮಛತ್ರ ನಡೆಸ್ತಿದ್ದೀವಾ?” ಎಂದ ಬುಲ್ಡೋಜರ್. ಬೇಕರಿಯವನು, ಮೈಯೂ ಮಾತೂ ಎರಡೂ ಅಡ್ಡಹೆಸರಿಗೆ ತಕ್ಕ ಹಾಗಿದ್ದವು.

“ಬಿದ್ರೆ ಎತ್ತೋರ್ಯಾರು?” ಮೇಷ್ಟ್ರು ಕೇಳಿದರು. “ನನ್ನ ಕೈಲಂತೂ ಆಗಲ್ಲಪ್ಪ.”

ನಾಯಕಿಯ ತಮ್ಮ ಗೋಡೆಯ ಪಕ್ಕ, ತನ್ನ ಎಂದಿನ ಜಾಗದಲ್ಲಿ, ಎಲ್ಲರ ನೀರಿನ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಗಡಿಯಾರ ರಿಪೇರಿಯವನು. ಹಗಲೆಲ್ಲ ಗೂಡಂಗಡಿಯಲ್ಲಿ ಕೂತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವುದು, ಸಂಜೆ ಇಲ್ಲಿ ಕೂತು ಅಕ್ಕನ ಆಟ ನೋಡುವುದು, ಇಷ್ಟೇ ಅವನ ದಿನಚರಿ. ಈ ಹಾಲ್‌ನ ಮೆಟ್ಟಿಲ ಪಕ್ಕ ಇಳಿಜಾರು ದಾರಿ ಹಾಕಿಸಲು ಅಕ್ಕ ಅಧಿಕಾರಿಗಳ ತಲೆ ತಿಂದಿದ್ದಳು. ಅವಳ ಕಾಟ ತಾಳಲಾರದೆ ಅವರು ಸಿಮೆಂಟು ಸುರಿದಿದ್ದರು.

“ನಂಗೆಲ್ಲಾ ಕೇಳಿಸ್ತಿದೆ,” ಎಂದ ತಮ್ಮ.

“ಕೇಳಿಸ್ಲಿ ಅಂತಾನೇ ಹೇಳಿದ್ದು,” ಎಂದ ಬುಲ್ಡೋಜರ್.

ಅಕ್ಕ ತಮ್ಮನ ಬಳಿ ಬಂದು ದನಿ ತಗ್ಗಿಸಿದಳು. “ನಿನ್ನ ಕೈಲಾಗಲ್ಲ ಕಣೋ. ಸುಮ್ನೆ ನಗೆಪಾಟಲಾಗ್ತೀಯ.”

“ಚಿಕ್ಕೋರಿದ್ದಾಗ ಬೀದಿ ಮಕ್ಕಳೆಲ್ಲ ಆಡ್ತಿದ್ರೆ ನಾನು ಕಿಟಕೀಲಿ ಕೂತಿರ್ತಿದ್ದೆ. ಯಾಕೆ ಅಂತ ನಿಂಗೆ ಗೊತ್ತಲ್ವಾ ಅಕ್ಕಾ?”

ಅವಳಿಗೆ ಗೊತ್ತಿತ್ತು.

“ಒಂದೇ ಒಂದು ಸಲ ನಿನ್ನ ಜೊತೆ ಆಡ್ಬೇಕು,” ಎಂದ ಅವನು. “ಆಮೇಲೆ ಬಾಟ್ಲಿ ಹಿಡ್ಕೊಂಡು ಕೂತಿರು ಅಂದ್ರೆ ಸಾಯೋವರೆಗೂ ಕೂತಿರ್ತೀನಿ.”

ಹೀಗೆ ಅವನು ತಂಡ ಸೇರಿದ. ಆಟಕ್ಕೆಂದೇ ಮಾಡಿದ, ಚಕ್ರಗಳು ಓರೆಯಾಗಿ ಚಾಚಿದ ಗಾಲಿಕುರ್ಚಿಯೊಂದನ್ನು ಅವನಿಗೆ ಹೊಂದಿಸಿಕೊಟ್ಟರು. ಮೊದಲ ದಿನವೇ ಅಂಗೈ ತುಂಬ ಬೊಬ್ಬೆ. ಎಡಕ್ಕೆ ಹೋಗಬೇಕಾದವನು ಬಲಕ್ಕೆ ಹೋಗಿ ಮೇಷ್ಟ್ರಿಗೆ ಗುದ್ದಿದ. ಮೇಷ್ಟ್ರು ಪಾಠದಲ್ಲಿ ಎಂದೂ ಬಳಸದ ಪದಗಳನ್ನು ಬಳಸಿದರು. ಒಮ್ಮೆ ಕುರ್ಚಿಸಮೇತ ಮಗುಚಿಕೊಂಡ. ಯಾರೂ ಎತ್ತಲಿಲ್ಲ. ಬುಲ್ಡೋಜರ್ ಅವನ ಸುತ್ತ ಒಂದು ಸುತ್ತು ಹಾಕಿ, “ಆರಾಮಾಗಿದ್ಯಾ? ದಿಂಬು ತರ್ಲಾ?” ಎಂದು ವಿಚಾರಿಸಿ ಹೋದ.

ರಾತ್ರಿ ಊಟಕ್ಕೆ ಕೂತಾಗ ಮಗನ ಅಂಗೈ ನೋಡಿ ತಾಯಿ ಮಗಳನ್ನು ಗದರಿದಳು. “ಅವನಿಗೆ ಅಭ್ಯಾಸ ಇಲ್ವೇ, ಪಾಪ. ನಿನ್ನ ಹಾಗೆ ಗಟ್ಟಿ ಪಿಂಡ ಅಲ್ಲ ಅವನು.”

“ಪಾಪ ಅನ್ಬೇಡಮ್ಮಾ,” ಎಂದಳು ಮಗಳು. “ಅಂಕಣದಲ್ಲಿ ಆ ಪದಕ್ಕೆ ಜಾಗ ಇಲ್ಲ.”

ಭಾನುವಾರ ಹಾಲ್ ತುಂಬಿತ್ತು. ಜನ ಆಟ ನೋಡಲು ಬಂದವರಂತಿರಲಿಲ್ಲ, ಕಣ್ಣೊರೆಸಿಕೊಳ್ಳಲು ಬಂದವರಂತಿದ್ದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರವನ್ನು ಮೊದಲೇ ಬಿಡಿಸಿಟ್ಟುಕೊಂಡಿದ್ದಳು. ತಮ್ಮನಂತೂ ಆಟದುದ್ದಕ್ಕೂ ತಪ್ಪು ಜಾಗದಲ್ಲಿದ್ದ. ಎದುರಾಳಿಗಳು ಅವನನ್ನು ಕಾಯುವ ಗೋಜಿಗೇ ಹೋಗಲಿಲ್ಲ. ತಂಡದವರು ಅವನಿಗೆ ಚೆಂಡು ಕೊಡುವ ಗೋಜಿಗೂ ಹೋಗಲಿಲ್ಲ.

ಕೊನೆಯ ಗಳಿಗೆ. ಒಂದೇ ಅಂಕ ಹಿಂದೆ. ಚೆಂಡು ಅಕ್ಕನ ಕೈಯಲ್ಲಿ. ಇಬ್ಬರು ಅವಳನ್ನು ಮೂಲೆಗೆ ಒತ್ತರಿಸಿ ದಾರಿ ಕಟ್ಟಿದ್ದರು. ಬುಲ್ಡೋಜರ್ ಸಿಕ್ಕಿಕೊಂಡಿದ್ದ, ಮೇಷ್ಟ್ರು ಏದುಸಿರು ಬಿಡುತ್ತಿದ್ದರು. ಬುಟ್ಟಿಯ ಕೆಳಗೆ, ಎಲ್ಲರೂ ಮರೆತೇಬಿಟ್ಟಿದ್ದ ತಮ್ಮ ಒಬ್ಬನೇ ಇದ್ದ. ಬಿಗಿಯುತ್ತದೆಂದು ಕುರ್ಚಿಯ ಸೊಂಟಪಟ್ಟಿಯನ್ನೂ ಬಿಚ್ಚಿಕೊಂಡು, ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ.

ಹಾಳಾಗಿ ಹೋಗಲಿ ಎಂದುಕೊಂಡು ಅವಳು ಚೆಂಡನ್ನು ಅವನತ್ತ ಎಸೆದಳು.

ಅವನು ಹಿಡಿದ. ಹಿಡಿದೆನೆಂಬುದನ್ನು ತಾನೇ ನಂಬದೆ ಒಮ್ಮೆ ನೋಡಿಕೊಂಡ. ಆಮೇಲೆ ಕುರ್ಚಿಯಿಂದ ಎದ್ದ. ಎರಡೂ ಕಾಲ ಮೇಲೆ ನೆಟ್ಟಗೆ ನಿಂತು, ಮೇಲಕ್ಕೆ ಹಾರಿ, ಚೆಂಡನ್ನು ಬುಟ್ಟಿಗೆ ಇಳಿಸಿದ.

ಮುಂದಿನ ಸಾಲಿನ ಹೆಂಗಸು ‘ಪವಾಡ’ ಎಂದು ಬಿಕ್ಕಿದಳು. ಯಾರೋ ಚಪ್ಪಾಳೆ ಶುರುಮಾಡಿದರು, ಕರವಸ್ತ್ರಗಳು ಮೇಲೆದ್ದವು. ಅಕ್ಕನ ಕಣ್ಣಲ್ಲೂ ನೀರಾಡಿತು.

ರೆಫರಿ ಸೀಟಿ ಊದಿ, ಅಂಕ ಇಲ್ಲವೆಂದು ಕೈಯಾಡಿಸಿದ. ಪಕ್ಕದೂರಿನವರು ಕಪ್ ತಮ್ಮದೆಂದು ಕೂಗಿಕೊಂಡರು.

“ಕೂತ್ಕೊಳೋ, ಕತ್ತೆ,” ಎನ್ನುತ್ತ ಅಕ್ಕ, ನಗುವೋ ಅಳುವೋ ತಿಳಿಯದ ದನಿಯಲ್ಲಿ, ತನ್ನ ಗಾಲಿಕುರ್ಚಿಯನ್ನು ರಭಸದಿಂದ ತಳ್ಳಿಕೊಂಡು ಬಂದಳು. ಬುಲ್ಡೋಜರ್, ಮೇಷ್ಟ್ರು, ಎದುರಾಳಿಗಳೆಲ್ಲರೂ ತಂತಮ್ಮ ಗಾಲಿಕುರ್ಚಿಗಳನ್ನು ತಿರುಗಿಸಿ ಅವನತ್ತ ನೋಡಿದರು. ಅಕ್ಕ ಮಾತು ಮುಗಿಸಿದಳು: “ನಡೆಯೋರನ್ನ ಆಟಕ್ಕೆ ಸೇರಿಸ್ಕೊಂಡ್ರೆ ಇದೇ ಹಣೆಬರಹ.”