ಯಾರ ಪೈಕಿ?

ಬೀಳಗಿಯ ಚಹಾದಂಗಡಿಯ ಮುಂದೆ ಬೈಕು ನಿಂತದ್ದೇ ತಡ, ಉಜ್ವಲಾ ಹಿಂದಿನಿಂದ ಗಂಡನ ಬೆನ್ನಿಗೆ ತಿವಿದಳು. "ಹೆಲ್ಮೆಟ್ ತಗೀಬ್ಯಾಡ್ರಿ! ಯಾರರೆ ಗುರುತು ಹಿಡದಾರು."

"ಹೆಲ್ಮೆಟ್ ಹಾಕ್ಕೊಂಡು ಚಾ ಹೆಂಗ ಕುಡೀಲಿ?" ಎಂದ ವಿಜಯ.

"ಹಂಗಾರ ಚಾನೂ ಬ್ಯಾಡ. ನಡೀರಿ."

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮದುವೆಯಾದಂದಿನಿಂದ ಇಬ್ಬರೂ ಬನಹಟ್ಟಿಯಿಂದ ಎಲ್ಲಿಗೆ ಹೊರಟರೂ ದಾರಿಯಲ್ಲಿ ಒಬ್ಬರಲ್ಲ ಒಬ್ಬರು ನೆಂಟರು ಅಡ್ಡಗಟ್ಟಿ ಮನೆಗೆ ಎಳೆದೊಯ್ಯುತ್ತಿದ್ದರು. ಹೋಳಿಗೆ ಊಟವೇನೋ ಭರ್ಜರಿ. ಆಮೇಲೆ ವಿಜಯ ಪಡಸಾಲೆಯಲ್ಲಿ ಗಂಡಸರ ಸಾಲಿನಲ್ಲಿ, ಉಜ್ವಲಾ ಅಡುಗೆಮನೆಯಲ್ಲಿ ಹೆಂಗಸರ ಸಾಲಿನಲ್ಲಿ ಮಲಗಬೇಕು. ಈ ಸಲ ಅವಳು ತಾನು ಕಲಿಸುವ ಶಾಲೆಗೆ ರಜೆ ಹಾಕಿ, ಬೈಕಿಗೆ ಡೇರೆ ಬಿಗಿದು, ಗಂಡನನ್ನು ಹೊರಡಿಸಿದ್ದಳು. ಒಂದೇ ಒಂದು ರಾತ್ರಿ, ಆಕಾಶದ ಕೆಳಗೆ, ಇಬ್ಬರೇ. ಹುನ್ನೂರಲ್ಲಿ ದೊಡ್ಡಪ್ಪ, ಮುಧೋಳದಲ್ಲಿ ಭಾವ; ಅದಕ್ಕೇ ದೊಡ್ಡ ರಸ್ತೆ ಬಿಟ್ಟು ಕಬ್ಬಿನ ಹೊಲಗಳ ನಡುವಿನ ದಾರಿ ಹಿಡಿದಿದ್ದರು. ಯಡಹಳ್ಳಿ ಕಾಡಿನ ಅಂಚಿನಲ್ಲಿ ಚಿಂಕಾರ ಜಿಂಕೆಯೊಂದು ಚಂಗನೆ ಜಿಗಿದದ್ದು ನೋಡಿ ಮಕ್ಕಳಂತೆ ಕೂಗಿದ್ದರು. ಥಂಡಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಉಜ್ವಲಾಳ ನಗು ಮಾಸಿರಲಿಲ್ಲ.

ಇಳಿಹೊತ್ತಿಗೆ ಅನಗವಾಡಿಯ ಹೊಳೆದಂಡೆ ಸಿಕ್ಕಿತು. "ನೆನಪಿರಲಿ," ಡೇರೆ ಕಟ್ಟುತ್ತ ಅವಳು ಎಚ್ಚರಿಸಿದಳು. "ಯಾರರೆ ಕೇಳಿದ್ರ ನಾವು ವಿಜಾಪುರದವ್ರು."

ಹೇಳಿ ಬಾಯಿ ಮುಚ್ಚುವುದರೊಳಗೆ ಪಕ್ಕದ ಹೊಲದಿಂದ ಹಿರಿಯ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಬಟ್ಟೆಯ ಗಂಟು. "ನಾ ಶಿವವ್ವ, ಇದು ನಮ್ಮ ಹೊಲಾ. ದಣದು ಬಂದೀರಿ, ಬಿಸಿ ಸೀತನಿ ತಿನ್ರಿ." ಕೆಂಡದಲ್ಲಿ ಸುಟ್ಟು ಆಗಷ್ಟೇ ಉಜ್ಜಿ ತೆಗೆದ ಎಳೆ ಜೋಳದ ಘಮ ಮೂಗಿಗೆ ಅಡರಿತು. "ಯಾವೂರು? ಯಾರ ಪೈಕಿ?"

"ವಿಜಾಪುರ ರೀ," ಎಂದಳು ಉಜ್ವಲಾ ಥಟ್ಟನೆ.

ವಿಜಯ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ದರೇ ವಾಸಿಯಿತ್ತು. ಅವನು ನೇಕಾರರ ಊರು ಬನಹಟ್ಟಿಯ ಮಗ್ಗದ ಮನೆಯಲ್ಲಿ ಹುಟ್ಟಿದವನು. ಬ್ಯಾಂಕಿನ ನೌಕರಿ ಹಿಡಿದರೂ ಬೆರಳು ಹಳೆಯವೇ. ಸೀತನಿಯ ಕಡೆ ಕಣ್ಣೂ ಹಾಯಿಸದೆ ಗಂಟಿನ ಬಟ್ಟೆಯ ಅಂಚನ್ನು ಬೆರಳ ನಡುವೆ ಹಿಡಿದು ತಿಕ್ಕಿದ, ತಿರುವಿದ, ಬೆಳಕಿಗೆ ಹಿಡಿದು ನೋಡಿದ.

ಶಿವವ್ವ ಕಣ್ಣು ಕಿರಿದು ಮಾಡಿದಳು. "ತಿನ್ನೂದು ಬಿಟ್ಟು ಅರಿವಿ ತಿಕ್ಕಿ ನೋಡಾಂವ ವಿಜಾಪುರದಾಂವ ಹೆಂಗ ಆಗತಾನ? ನೀ ಬನಹಟ್ಟಿಯಾಂವ. ತಡಿ, ಆ ಮೂಗು... ನಿಂಗಣ್ಣನ ಮಗ ಹೌದಲ್ಲೋ?"

ಅಪ್ಪನ ಹೆಸರು ಬಂದ ಮೇಲೆ ಸುಳ್ಳು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. "ಹೌದ್ರಿ," ಎಂದುಬಿಟ್ಟ.

"ನನ್ನ ತವರುಮನಿ ಅದ ಓಣ್ಯಾಗ! ನಿಂಗಣ್ಣ ನನಗ ಅಣ್ಣ ಆಗಬೇಕು. ಅಂದ್ರ ನಾ ನಿನಗ ಸೋದರತ್ತಿ! ಏಳ್ರಿ, ಸಾಮಾನ ಕಟ್ರಿ. ಮನಿ ಇದ್ದೂ ನಮ್ಮ ಹುಡುಗ ಹೊಳಿದಂಡ್ಯಾಗ ಮಲಗಿದ್ರ ಮಂದಿ ನನ್ನ ಮಾರಿಗೆ ಉಗುಳತಾರ."

ಹೊಳೆದಂಡೆಯಲ್ಲೂ ಒಬ್ಬ ಅತ್ತೆ ಹುಟ್ಟಿಕೊಂಡಳಲ್ಲ! ಉಜ್ವಲಾಳಿಗೆ ಅಳುವೇ ಬಂತು. ನಾಚಿಕೆ ಬದಿಗಿಟ್ಟು ಹೇಳಿಯೇಬಿಟ್ಟಳು. "ಅತ್ತಿ, ಮನಿಗೆ ಬಂದ್ರ ನಿಮ್ಮ ಮಗ್ಗಲಾಗ ನಾ, ಮಾವನ ಮಗ್ಗಲಾಗ ಇವ್ರು. ನಮಗ ಒಂದು ರಾತ್ರಿ... ಇಬ್ಬರ ಇರೂ ಆಸೆ ರೀ."

ಶಿವವ್ವ ಡೇರೆಯ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಒಳಗೆ ಇಣುಕಿದಳು. ಮತ್ತೆ ನೆಟ್ಟಗೆ ನಿಂತಾಗ ಅವಳ ಮುಖದಲ್ಲಿ ಹುಡುಗಿಯ ನಗುವಿತ್ತು. "ನಮ್ಮ ಮನ್ಯಾಗೂ ಮಂದಿ ತುಂಬಿ ತುಳಕತಿತ್ತವ್ವಾ. ಚಳಿಗಾಲ ಬಂತಂದ್ರ ನಾನೂ ನಿಮ್ಮ ಮಾವನೂ ಜ್ವಾಳಾ ಕಾಯಾಕ ಅಂತ ಹೊಲದಾಗ ಗುಡಸಲಾ ಹಾಕತಿದ್ವಿ." ದನಿ ತಗ್ಗಿಸಿದಳು. "ಒಂದ ಸಲ ಹಂದಿ ಬಂದು ಅರ್ಧ ಹೊಲಾ ತಿಂದು ಹೋದ್ರೂ ನಮಗ ಗೊತ್ತ ಆಗಲಿಲ್ಲ!"

ವಿಜಯ ಕಿವಿಯವರೆಗೂ ಕೆಂಪಾದ. ಹೆಂಗಸರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವವ್ವ ಸೀತನಿಯ ಗಂಟನ್ನು ಅಲ್ಲೇ ಬಿಟ್ಟು ಹೊಲದ ಬದುವಿನ ಮೇಲೆ ಹೊರಟಳು. ಊರ ಕಡೆಯಿಂದ ಬರುತ್ತಿದ್ದ ನೆರೆಹೊಲದ ಕಾಶಪ್ಪ ಡೇರೆ ಕಂಡು ದೂರದಿಂದಲೇ ಕೂಗಿದ. "ಯಕ್ಕಾ, ಯಾರ ಅವ್ರು? ನಿಮ್ಮ ಪೈಕಿ ಏನು?"

"ಏ ಇಲ್ಲೋ, ನಮಗೂ ಅವ್ರಿಗೂ ಏನೂ ಸಂಬಂಧಿಲ್ಲ!" ಶಿವವ್ವನ ದನಿ ಹೊಳೆಯ ಆಚೆ ದಂಡೆಗೂ ಕೇಳುವಂತಿತ್ತು. "ವಿಜಾಪುರದವ್ರು!"